ಜೋಳದ ಜೀನ್ ಅನೊಟೇಶನ್: ಹಲವು ಡೇಟಾಬೇಸುಗಳ ನಡುವೆ ಮಾಹಿತಿ ಕೆಡದಂತೆ ಸಾಗಿಸುವ ಕ್ರಮ

ವಿಜಯಪುರದ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಮಾಲ್ದಂಡಿ ಜೋಳ ಆಳೆತ್ತರ ಮೀರುತ್ತದೆ. ಜೋಳದ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಎಂದಾಗ ಜಗತ್ತಿನ ಪ್ರಯೋಗಾಲಯಗಳು ಆಧಾರವಾಗಿ ಹಿಡಿಯುವ ಬಿಟಿಎಕ್ಸ್623 ತಳಿ ಮಾತ್ರ ಗಿಡ್ಡದು. ಅದಕ್ಕೆ ಒಂದು ಕಾರಣ ಏಳನೆಯ ಕ್ರೋಮೋಸೋಮಿನ ಡಿಡಬ್ಲ್ಯೂ3 ಎಂಬ ಜೀನ್ ಅದರಲ್ಲಿ ಕೆಟ್ಟಿರುವುದು. ಈ ಒಂದು ಜೀನನ್ನೇ ಹುಡುಕಿ ನೋಡಿ. 2009ರಲ್ಲಿ ಪ್ರಕಟವಾದ ಮೊದಲ ಜೀನೋಮಿನಲ್ಲಿ ಅದು ಎಸ್‌ಬಿ07ಜಿ023730. ಸಸ್ಯ ಜೀನೋಮ್‌ಗಳ ಡೇಟಾಬೇಸ್ ಫೈಟೊಝೋಮ್‌ನ ಮುಂದಿನ ಆವೃತ್ತಿಗಳಲ್ಲಿ ಸೋಬಿಕ್.007ಜಿ163800. ಅಂಥದ್ದೇ ಇನ್ನೊಂದಾದ ಎನ್ಸೆಂಬಲ್ ಪ್ಲಾಂಟ್ಸ್‌ನಲ್ಲಿ ಸೋರ್ಬಿ_3007ಜಿ163800. ಅಮೆರಿಕದ ಸರ್ಕಾರಿ ದತ್ತಾಂಶ ಕೇಂದ್ರ ಎನ್‌ಸಿಬಿಐಯಲ್ಲಿ ಎಲ್‌ಒಸಿ ಎಂದು ಶುರುವಾಗುವ ಮತ್ತೊಂದು ಸಂಖ್ಯೆ, ಪ್ರೋಟೀನ್‌ಗಳ ಡೇಟಾಬೇಸ್ ಯೂನಿಪ್ರಾಟ್‌ನಲ್ಲಿ ಅದರ ಪ್ರೋಟೀನಿಗೆ ಇನ್ನೊಂದು. ಪ್ರಬಂಧಗಳಲ್ಲಿ ಎಬಿಸಿಬಿ1, ಪಿಜಿಪಿ1 ಎಂಬ ಹೆಸರುಗಳಿವೆ. ಮೆಕ್ಕೆಜೋಳದಲ್ಲಿ ಇದರ ಜೋಡಿ ಜೀನಿಗೆ (ಎರಡೂ ಒಂದೇ ಪೂರ್ವಜ ಜೀನಿನಿಂದ ಬಂದವು) ಬಿಆರ್2 ಎನ್ನುತ್ತಾರೆ.

ಜೋಳದಲ್ಲಿ ಇಂಥ 34 ಸಾವಿರ ಚಿಲ್ಲರೆ ಜೀನ್‌ಗಳಿವೆ. ಯಾವ ಜೀನ್ ಎಲ್ಲಿದೆ, ಅದರ ಕೆಲಸವೇನು ಎಂದು ಗುರುತಿಸಿ ಬರೆದಿಡುವುದೇ ಅನೊಟೇಶನ್. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ, ಕೃಷಿ-ತೋಟಗಾರಿಕೆ ಸಂಶೋಧನಾ ಕೇಂದ್ರಗಳಲ್ಲಿ ಎಂಎಸ್ಸಿ ಅಥವಾ ಪಿಎಚ್‌ಡಿಗೆ ಕೂತವರು ಇವುಗಳಲ್ಲಿ ನೂರಿನ್ನೂರು ಜೀನ್‌ಗಳ ಪಟ್ಟಿ ಹಿಡಿದು ನಾಲ್ಕು ಡೇಟಾಬೇಸುಗಳ ನಡುವೆ ಓಡಾಡುತ್ತಾರೆ. ಮಾಹಿತಿ ಕೆಡುವುದು ಈ ಓಡಾಟದಲ್ಲೇ. ಕೆಡದಿರಬೇಕಾದರೆ ಪ್ರತಿ ಸಾಲಿನ ಜತೆ ನಾಲ್ಕು ಸಂಗತಿ ಅಂಟಿಕೊಂಡೇ ಇರಬೇಕು: ಯಾವ ಅಸೆಂಬ್ಲಿಯ (ಓದಿದ ತುಂಡುಗಳನ್ನು ಜೋಡಿಸಿ ಕಟ್ಟಿದ ಜೀನೋಮ್) ಯಾವ ಆವೃತ್ತಿ, ಯಾವ ಡೇಟಾಬೇಸಿನ ಯಾವ ಐಡಿ, ಹೇಳಿದ್ದಕ್ಕೆ ಪುರಾವೆ ಏನು, ಯಾವ ದಿನ ತೆಗೆದದ್ದು. ಇವುಗಳಲ್ಲಿ ಒಂದು ತಪ್ಪಿದರೂ ಎರಡು ವರ್ಷದ ಬಳಿಕ ಆ ಸಾಲನ್ನು ಯಾರೂ ಪರಿಶೀಲಿಸಲಾರರು, ಬರೆದವರೂ ಕೂಡ.

ಐಡಿ, ಫೈಲ್ ಹೆಸರು, ಸಂಕೇತಗಳನ್ನು ಇಲ್ಲಿ ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದೆ. ಫೈಲಿನೊಳಗೆ ಅವು ರೋಮನ್ ಅಕ್ಷರಗಳಲ್ಲೇ ಇರಬೇಕು. ದೊಡ್ಡಕ್ಷರ-ಸಣ್ಣಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಮೊದಲು ಅಸೆಂಬ್ಲಿ ಗೊತ್ತುಮಾಡಿಕೊಳ್ಳಿ

"ಜೋಳದ ಜೀನೋಮ್ ಡೌನ್‌ಲೋಡ್ ಮಾಡಿದೆ" ಎಂದರೆ ಏನೂ ಹೇಳಿದಂತಾಗಲಿಲ್ಲ. ಬಿಟಿಎಕ್ಸ್623 ಒಂದಕ್ಕೇ ಹಲವು ಆವೃತ್ತಿಗಳಿವೆ. ಫೈಟೊಝೋಮ್‌ನ ವಿ3.1ರಲ್ಲೂ ವಿ5.1ರಲ್ಲೂ ಐಡಿ ಸೋಬಿಕ್ ಎಂದೇ ಶುರುವಾಗುತ್ತದೆ, ಆದರೆ ಕ್ರೋಮೋಸೋಮಿನ ಮೇಲಿನ ಸ್ಥಾನಸಂಖ್ಯೆಗಳು ಬೇರೆ. ಒಂದರ ಜೀನ್ ಪಟ್ಟಿಯನ್ನು ಇನ್ನೊಂದರ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ಮೇಲೆ ಇಟ್ಟರೆ ಯಾವ ಪ್ರೋಗ್ರಾಂ ಕೂಡ ದೂರು ಹೇಳುವುದಿಲ್ಲ. ತಪ್ಪು ಪ್ರೋಟೀನನ್ನು ತೆಗೆದು ಕೈಗೆ ಕೊಟ್ಟುಬಿಡುತ್ತದೆ. ಆದ್ದರಿಂದ ಸೀಕ್ವೆನ್ಸ್ ಇರುವ ಫಾಸ್ಟಾ ಫೈಲ್ ಮತ್ತು ಜೀನ್‌ಗಳ ಪಟ್ಟಿ ಇರುವ ಜಿಎಫ್‌ಎಫ್3 ಫೈಲ್ ಎರಡನ್ನೂ ಒಂದೇ ಜಾಗದಿಂದ, ಒಂದೇ ದಿನ ಇಳಿಸಿಕೊಳ್ಳಿ. ಇಳಿಸಿದ ಕೂಡಲೇ ಎಂಡಿ5 ಚೆಕ್‌ಸಮ್ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತುಸಂಖ್ಯೆ) ತೆಗೆದು ರೀಡ್‌ಮಿ ಫೈಲಿನಲ್ಲಿ ಬರೆದಿಡಿ.

ಎನ್‌ಸಿಬಿಐಯಲ್ಲಿ ಒಂದೇ ಅಸೆಂಬ್ಲಿಗೆ ಎರಡು ಸಂಖ್ಯೆ ಇರುತ್ತವೆ. ಜಿಸಿಎ ಎಂದು ಶುರುವಾದರೆ ಅದು ಜೆನ್‌ಬ್ಯಾಂಕಿನದು, ಅಂದರೆ ಸಲ್ಲಿಸಿದವರು ಕೊಟ್ಟಂತೆಯೇ ಇಟ್ಟದ್ದು. ಜಿಸಿಎಫ್ ಎಂದಿದ್ದರೆ ಅದು ರೆಫ್‌ಸೀಕ್, ಎನ್‌ಸಿಬಿಐ ತಾನೇ ಅನೊಟೇಶನ್ ಮಾಡಿಟ್ಟದ್ದು. ಸೀಕ್ವೆನ್ಸ್ ಒಂದೇ ಇದ್ದರೂ ಜೀನ್ ಮಾದರಿಗಳು, ಅಂದರೆ ಜೀನ್ ಎಲ್ಲಿಂದ ಎಲ್ಲಿಯ ತನಕ ಎಂಬ ಗುರುತುಗಳು, ಬೇರೆ ಇರಬಹುದು. ಕ್ರೋಮೋಸೋಮಿನ ಹೆಸರೂ ಹಾಗೆಯೇ: ಎನ್ಸೆಂಬಲ್ ಬರೀ 1 ಎನ್ನುತ್ತದೆ, ಫೈಟೊಝೋಮ್ ಸಿಎಚ್‌ಆರ್01 ಎನ್ನುತ್ತದೆ, ರೆಫ್‌ಸೀಕ್ ಎನ್‌ಸಿ ಎಂದು ಶುರುವಾಗುವ ಸಂಖ್ಯೆ ಕೊಡುತ್ತದೆ. ಎರಡು ಫೈಲ್ ಜೋಡಿಸಿದಾಗ ಫಲಿತಾಂಶ ಸೊನ್ನೆ ಬಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಪ್ರತಿ ಅಸೆಂಬ್ಲಿಯ ಜತೆ ಎನ್‌ಸಿಬಿಐ ಅಸೆಂಬ್ಲಿ ರಿಪೋರ್ಟ್ ಎಂಬ ಪಠ್ಯಫೈಲ್ ಇಡುತ್ತದೆ. ಹೆಸರುಗಳ ಹೊಂದಾಣಿಕೆ ಅದರಲ್ಲಿದೆ. ಕೈಯಿಂದ ತಿದ್ದುವ ಬದಲು ಆ ಪಟ್ಟಿಯಿಂದಲೇ ಬದಲಾಯಿಸಿ.

ಜಿಎಫ್‌ಎಫ್3: ಒಂಬತ್ತು ಕಾಲಂ, ಎಡವಲು ಬೇಕಾದಷ್ಟು ಜಾಗ

ಅನೊಟೇಶನ್ ಹಂಚಿಕೊಳ್ಳಲು ಇಂದು ಎಲ್ಲರೂ ಒಪ್ಪುವ ರೂಪ ಜಿಎಫ್‌ಎಫ್3. ಮೊದಲ ಸಾಲು ಆವೃತ್ತಿ ಹೇಳಬೇಕು. ಆಮೇಲೆ ಟ್ಯಾಬ್‌ನಿಂದ ಬೇರೆಯಾದ ಒಂಬತ್ತು ಕಾಲಂ: ಸೀಕ್ವೆನ್ಸಿನ ಹೆಸರು, ಮೂಲ, ಬಗೆ, ಶುರು, ಕೊನೆ, ಸ್ಕೋರ್, ಎಳೆ (ಡಿಎನ್‌ಎಯ ಪ್ಲಸ್ ಅಥವಾ ಮೈನಸ್ ಬದಿ), ಫೇಸ್, ಗುಣವಿವರ. ಸ್ಪೇಸ್ ಹೊಡೆದು ಸಾಲು ಹೊಂದಿಸಿದರೆ ಕಣ್ಣಿಗೆ ಚೆಂದ ಕಾಣುತ್ತದೆ, ಪ್ರೋಗ್ರಾಮಿಗೆ ಅದು ಒಂದೇ ಕಾಲಂ. ವಿಂಡೋಸಿನಲ್ಲಿ ಉಳಿಸಿದ ಫೈಲಿನ ಸಾಲುಗಳ ಕೊನೆಗೆ ಕಾಣದ ಒಂದು ಅಕ್ಷರ ಸೇರಿಕೊಂಡು ಕೊನೆಯ ಗುಣವಿವರಕ್ಕೆ ಅಂಟುತ್ತದೆ. ಲಿನಕ್ಸಿಗೆ ಒಯ್ದ ಕೂಡಲೇ ಅದನ್ನು ತೆಗೆಯಿರಿ.

ಎಣಿಕೆಯ ವಿಷಯಕ್ಕೆ ಬಂದರೆ, ಜಿಎಫ್‌ಎಫ್3 ಒಂದರಿಂದ ಎಣಿಸುತ್ತದೆ, ಎರಡೂ ತುದಿ ಸೇರುತ್ತವೆ. ಜೀನೋಮಿನ ಭಾಗಗಳನ್ನು ಪಟ್ಟಿಮಾಡುವ ಬೆಡ್ ಫೈಲ್ ಸೊನ್ನೆಯಿಂದ ಎಣಿಸುತ್ತದೆ, ಕೊನೆಯ ಸ್ಥಾನ ಸೇರುವುದಿಲ್ಲ. ಜಿಎಫ್‌ಎಫ್3ರಲ್ಲಿ 1001ರಿಂದ 1500 ಎಂದಿರುವ ಭಾಗ ಬೆಡ್‌ನಲ್ಲಿ 1000ದಿಂದ 1500. ಎರಡರಲ್ಲೂ ಉದ್ದ 500. ಶುರುವಿನಿಂದ ಒಂದು ಕಳೆಯಬೇಕು, ಕೊನೆಯನ್ನು ಮುಟ್ಟಬಾರದು. ಎರಡರಿಂದಲೂ ಒಂದು ಕಳೆದುಬಿಡುವುದು ತೀರಾ ಸಾಮಾನ್ಯ ತಪ್ಪು. ಆಗ ಉದ್ದ 499 ಬರುತ್ತದೆ, ಮೂರರಿಂದ ಭಾಗವಾಗಬೇಕಾದ ಸಿಡಿಎಸ್ (ಜೀನಿನಲ್ಲಿ ಪ್ರೋಟೀನಿಗೆ ಸಂಕೇತವಾಗುವ ಭಾಗ) ತುಂಡುಗಳ ಮೊತ್ತ ಭಾಗವಾಗದೆ ಹೋಗಬಹುದು.

ಜಿಟಿಎಫ್ ರೂಪದಿಂದ ತಂದ ಫೈಲಿಗೆ ಇನ್ನೊಂದು ತೊಡಕಿದೆ. ಜಿಟಿಎಫ್‌ನ ನಿಯಮದಲ್ಲಿ ಸಿಡಿಎಸ್ ಭಾಗಕ್ಕೆ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಮೂರು ಬೇಸ್, ಅಂದರೆ ಡಿಎನ್‌ಎ ಅಕ್ಷರ) ಸೇರುವುದಿಲ್ಲ, ಜಿಎಫ್‌ಎಫ್3ರಲ್ಲಿ ಸೇರುತ್ತದೆ. ಬರೀ ಕಾಲಂ ರೂಪ ಬದಲಿಸಿ ಈ ಮೂರು ಬೇಸ್ ಸೇರಿಸದಿದ್ದರೆ ಸಾವಿರಾರು ಜೀನ್‌ಗಳಿಗೆ "ಸ್ಟಾಪ್ ಇಲ್ಲ" ಎಂಬ ದೋಷ ಒಟ್ಟಿಗೇ ಬರುತ್ತದೆ. ದೋಷ ಎಲ್ಲ ಜೀನ್‌ಗಳಲ್ಲೂ ಒಂದೇ ತರಹ ಇದ್ದರೆ ಜೀವಶಾಸ್ತ್ರದಲ್ಲಿ ಕಾರಣ ಹುಡುಕಬೇಡಿ, ರೂಪ ಬದಲಿಸಿದ ಹಂತದಲ್ಲಿ ಹುಡುಕಿ.

ಎಂಟನೆಯ ಕಾಲಂ ಫೇಸ್. ಸಿಡಿಎಸ್ ಸಾಲುಗಳಿಗೆ ಅದು ಕಡ್ಡಾಯ. ಬೆಲೆ 0, 1 ಅಥವಾ 2. ಆ ತುಂಡಿನ ಮೊದಲಿನಿಂದ ಎಷ್ಟು ಬೇಸ್ ಬಿಟ್ಟರೆ ಮುಂದಿನ ಕೋಡಾನ್ (ಮೂರು ಬೇಸಿನ ಸಂಕೇತ) ಶುರುವಾಗುತ್ತದೆ ಎಂಬುದೇ ಅದರ ಅರ್ಥ. ಶುರುವಿನ ಸ್ಥಾನವನ್ನು ಮೂರರಿಂದ ಭಾಗಿಸಿ ಉಳಿದದ್ದನ್ನು ಬರೆಯುವವರಿದ್ದಾರೆ, ಅದು ತಪ್ಪು. ಮೈನಸ್ ಎಳೆಯ ಜೀನಿನಲ್ಲಿ "ಮೊದಲು" ಎಂದರೆ ದೊಡ್ಡ ಸಂಖ್ಯೆಯ ಕಡೆಯ ತುದಿ ಎಂಬುದನ್ನೂ ಮರೆಯಬಾರದು. ಎಷ್ಟೋ ಫೈಲುಗಳಲ್ಲಿ ಪ್ಲಸ್ ಎಳೆಯ ಜೀನ್‌ಗಳೆಲ್ಲ ಸರಿಯಿದ್ದು ಮೈನಸ್ ಎಳೆಯವು ಮಾತ್ರ ಮುರಿದಿರುವುದು ಇದರಿಂದಲೇ.

ಒಂಬತ್ತನೆಯ ಕಾಲಮಿನಲ್ಲಿ ಐಡಿ, ಪೇರೆಂಟ್, ನೇಮ್, ಡಿಬಿ-ಎಕ್ಸ್‌ರೆಫ್, ಆಂಟಾಲಜಿ ಟರ್ಮ್ ಮುಂತಾದ ನಿಗದಿತ ಹೆಸರುಗಳು ದೊಡ್ಡಕ್ಷರದಿಂದ ಶುರುವಾಗಬೇಕು. ಜೀನಿನ ಕೆಳಗೆ ಅದರ ನಕಲಾದ ಎಂಆರ್‌ಎನ್‌ಎ, ಅದರ ಕೆಳಗೆ ಎಕ್ಸಾನ್ (ಎಂಆರ್‌ಎನ್‌ಎಯಲ್ಲಿ ಉಳಿಯುವ ತುಂಡು) ಮತ್ತು ಸಿಡಿಎಸ್. ಒಂದು ಸಿಡಿಎಸ್ ಐದು ತುಂಡಾಗಿದ್ದರೆ ಐದೂ ಸಾಲಿಗೆ ಒಂದೇ ಐಡಿ. ವಿವರಣೆಯೊಳಗೆ ಸೆಮಿಕೋಲನ್, ಕಾಮಾ, ಸಮಚಿಹ್ನೆ ಬಂದರೆ ಅವನ್ನು ಶೇಕಡಾ ಚಿಹ್ನೆಯ ಸಂಕೇತವಾಗಿ ಬದಲಿಸಬೇಕು: ಸೆಮಿಕೋಲನ್‌ಗೆ %3ಬಿ, ಕಾಮಾಗೆ %2ಸಿ, ಸಮಚಿಹ್ನೆಗೆ %3ಡಿ. ಕಿಣ್ವಗಳ ಹೆಸರಿನಲ್ಲಿ ಕಾಮಾ ಸಾಕಷ್ಟು ಬರುವುದರಿಂದ ಈ ಕೆಲಸ ತಪ್ಪಿಸಿಕೊಳ್ಳುವಂತಿಲ್ಲ.

ಇಷ್ಟನ್ನು ಕಣ್ಣಿನಿಂದ ನೋಡುವುದು ಬೇಡ. ಜೀನೋಮ್‌ಟೂಲ್ಸ್‌ನ ಜಿಎಫ್‌ಎಫ್3 ವ್ಯಾಲಿಡೇಟರ್ ರೂಪದ ತಪ್ಪು ಹೇಳುತ್ತದೆ, ಏಗ್ಯಾಟ್ ಎಂಬ ಸಾಧನ ಬಹಳಷ್ಟನ್ನು ತಾನೇ ಸರಿಪಡಿಸುತ್ತದೆ, ಜಿಎಫ್‌ಎಫ್‌ರೀಡ್ ಸಿಡಿಎಸ್‌ನಿಂದ ಪ್ರೋಟೀನ್ ಬಿಡಿಸಿಕೊಡುತ್ತದೆ. ಬಿಡಿಸಿದ ಪ್ರೋಟೀನಿನ ನಡುವೆ ಸ್ಟಾಪ್ ಚಿಹ್ನೆ ಎಷ್ಟು ಕಡೆ ಇದೆ ಎಂದು ಎಣಿಸಿ. ಇಡೀ ಫೈಲಿನ ಆರೋಗ್ಯ ತಿಳಿಯಲು ಇದಕ್ಕಿಂತ ಬೇಗನೆಯ ಪರೀಕ್ಷೆ ಇಲ್ಲ. ಸಾಧನ ಸರಿಪಡಿಸಿದ ಫೈಲನ್ನು ಮೂಲದ ಮೇಲೆ ಉಳಿಸದೆ ಬೇರೆ ಹೆಸರಿನಲ್ಲಿಡಿ.

ಐಡಿ ಕೊಡುವುದು, ಐಡಿ ಹೊಂದಿಸುವುದು

ಐಡಿಗೆ ಅರ್ಥ ತುಂಬಬೇಡಿ. "ಬರನಿರೋಧಕ_ಜೀನ್_12" ಎಂಬ ಐಡಿ ಕೊಟ್ಟ ಮೇಲೆ ಆ ಜೀನಿನ ಕೆಲಸ ಬೇರೆಯೆಂದು ತಿಳಿದರೆ ಐಡಿ ಬದಲಿಸಬೇಕಾಗುತ್ತದೆ, ಬದಲಿಸಿದರೆ ಹಳೆಯ ಪ್ರಬಂಧಗಳ ಕೊಂಡಿ ಕಡಿಯುತ್ತದೆ. ಕ್ರೋಮೋಸೋಮಿನ ಗುರುತು ಮತ್ತು ಕ್ರಮಸಂಖ್ಯೆ ಸಾಕು. ಕ್ರಮಸಂಖ್ಯೆಯನ್ನು ಒಂದೊಂದಾಗಿ ಏರಿಸದೆ ಹತ್ತು ಅಥವಾ ನೂರರ ಅಂತರದಲ್ಲಿ ಕೊಡಿ. ಸೋಬಿಕ್ ಐಡಿಗಳ ಕೊನೆಗೆ ಎರಡು ಸೊನ್ನೆ ಸಾಮಾನ್ಯವಾಗಿ ಕಾಣುವುದು ಇದಕ್ಕೇ: ನಡುವೆ ಹೊಸ ಜೀನ್ ಸಿಕ್ಕರೆ ಜಾಗ ಇರಬೇಕು.

ಒಂದು ಜೀನ್ ಎರಡಾದರೆ, ಎರಡು ಸೇರಿ ಒಂದಾದರೆ ಏನು ಮಾಡಬೇಕೆಂಬುದನ್ನು ಪಹಣಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಲ ಪೋಡಿಯಾದಾಗ ಹಳೆಯ ಸರ್ವೆ ನಂಬರಿಗೂ ಹೊಸ ಹಿಸ್ಸಾಗಳಿಗೂ ಇರುವ ಸಂಬಂಧ ದಾಖಲೆಯಲ್ಲಿ ಉಳಿಯುತ್ತದೆ, ಹಳೆಯ ನಂಬರನ್ನು ಬೇರೆ ಹೊಲಕ್ಕೆ ಕೊಡುವುದಿಲ್ಲ. ಇಲ್ಲೂ ಹಾಗೆಯೇ. ಎಕ್ಸಾನಿನ ಗಡಿ ಅಷ್ಟಿಷ್ಟು ಸರಿದರೆ ಐಡಿ ಅದೇ ಇರಲಿ, ಆವೃತ್ತಿ ಸಂಖ್ಯೆ ಏರಲಿ. ಜೀನ್ ಒಡೆದರೆ ಎರಡಕ್ಕೂ ಹೊಸ ಐಡಿ, ಹಳೆಯದು ನಿವೃತ್ತಿ. ನಿವೃತ್ತವಾದ ಐಡಿಯನ್ನು ಎಂದಿಗೂ ಮರುಬಳಸಬೇಡಿ.

ಇದಕ್ಕಾಗಿ ಒಂದು ಹೊಂದಾಣಿಕೆ ಪಟ್ಟಿ ಇಟ್ಟುಕೊಳ್ಳಿ. ಕಾಲಂಗಳು: ಹಳೆಯ ಐಡಿ, ಹಳೆಯ ಅಸೆಂಬ್ಲಿ, ಹೊಸ ಐಡಿ, ಹೊಸ ಅಸೆಂಬ್ಲಿ, ಸಂಬಂಧದ ಬಗೆ, ಹೊಂದಿಸಿದ ವಿಧಾನ, ದಿನಾಂಕ. ಸಂಬಂಧದ ಬಗೆಯಲ್ಲಿ "ಅದೇ", "ಒಡೆದದ್ದು", "ಸೇರಿದ್ದು", "ನಿವೃತ್ತ" ಎಂಬ ನಾಲ್ಕಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಎಸ್‌ಬಿ ಐಡಿಯ ಅಂಕಿಗಳನ್ನು ಸೋಬಿಕ್ ರೂಪಕ್ಕೆ ಹಚ್ಚಿ ಹೊಸ ಐಡಿ ಊಹಿಸುವ ದಾರಿ ಇಲ್ಲ. ಡಿಡಬ್ಲ್ಯೂ3ರ 023730 ಎಲ್ಲಿ, 163800 ಎಲ್ಲಿ. ಸೋಬಿಕ್‌ನಿಂದ ಸೋರ್ಬಿಗೆ ಹೋಗುವಾಗ ಅಂಕಿ ಹೊಂದುವುದು ವಿ3 ಆವೃತ್ತಿಯ ಮಟ್ಟಿಗೆ ಮಾತ್ರ.

ಹೊಂದಿಸಲು ಯೂನಿಪ್ರಾಟ್‌ನ ಐಡಿ ಮ್ಯಾಪಿಂಗ್, ಎನ್ಸೆಂಬಲ್‌ನ ಬಯೋಮಾರ್ಟ್ ಎರಡೂ ಉಪಯುಕ್ತ. ಆದರೆ 200 ಐಡಿ ಕೊಟ್ಟು 230 ಸಾಲು ಬಂದರೆ ಗಾಬರಿ ಬೇಡ, ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಲೂ ಬೇಡಿ. ಒಂದು ಜೀನಿಗೆ ಹಲವು ಪ್ರೋಟೀನ್ ದಾಖಲೆಗಳಿರುವುದು ಸಹಜ. ಎಷ್ಟು ಒಂದಕ್ಕೊಂದು, ಎಷ್ಟು ಒಂದಕ್ಕೆ ಹಲವು, ಎಷ್ಟಕ್ಕೆ ಏನೂ ಸಿಗಲಿಲ್ಲ ಎಂಬ ಮೂರು ಅಂಕಿಗಳನ್ನು ಪ್ರಬಂಧದ ವಿಧಾನ ಭಾಗದಲ್ಲಿ ಬರೆಯಿರಿ. ಸಂಶಯವಿದ್ದಲ್ಲಿ ಎರಡೂ ಕಡೆಯ ಪ್ರೋಟೀನಿನ ಎಂಡಿ5 ತೆಗೆದು ಹೋಲಿಸಿ. ಹಾಗೆ ಮಾಡುವ ಮೊದಲು ಕೊನೆಯ ನಕ್ಷತ್ರಚಿಹ್ನೆ ತೆಗೆದು ಎಲ್ಲ ಅಕ್ಷರವನ್ನೂ ದೊಡ್ಡಕ್ಷರ ಮಾಡಿ, ಇಲ್ಲದಿದ್ದರೆ ಒಂದೇ ಪ್ರೋಟೀನ್ ಎರಡಾಗಿ ಕಾಣುತ್ತದೆ. ಪಕ್ಕಪಕ್ಕ ನಕಲಾಗಿ ನಿಂತ ಜೀನ್‌ಗಳ ಪ್ರೋಟೀನ್ ಅಕ್ಷರಶಃ ಒಂದೇ ಇರಬಹುದು. ಅಲ್ಲಿ ಸ್ಥಾನಸಂಖ್ಯೆಯನ್ನೂ ನೋಡಿಯೇ ತೀರ್ಮಾನಿಸಿ.

ಬಿಟಿಎಕ್ಸ್623ರಿಂದ ನಮ್ಮ ತಳಿಗೆ ಅನೊಟೇಶನ್ ಒಯ್ಯುವಾಗ

ನಾಟಿ ತಳಿಯ ಅಸೆಂಬ್ಲಿ ಕೈಗೆ ಬಂದರೆ ಲಿಫ್ಟ್‌ಆಫ್ ಎಂಬ ಸಾಧನದಿಂದ ಆಧಾರ ತಳಿಯ ಜೀನ್ ಮಾದರಿಗಳನ್ನು ಅದರ ಮೇಲೆ ಕೂರಿಸಬಹುದು. ಇದರ ಮೂಲ ಮಿತಿಗಳು ಸಡಿಲ: ಜೀನಿನ 50% ಭಾಗ ಸಿಕ್ಕರೂ, 50% ಹೋಲಿಕೆ ಇದ್ದರೂ ಒಪ್ಪಿಕೊಳ್ಳುತ್ತದೆ. ಒಂದೇ ಜಾತಿಯ ಎರಡು ತಳಿಗಳ ನಡುವೆ ಎರಡನ್ನೂ 0.9ಕ್ಕೆ ಏರಿಸಿ, 0.5ರಿಂದ 0.9ರ ನಡುವೆ ಬಿದ್ದವನ್ನು ಬೇರೆ ಫೈಲಿಗೆ ತೆಗೆದು ಒಂದೊಂದಾಗಿ ನೋಡಿ.

ಹಾಗೆ ನೋಡಬೇಕಾದ್ದಕ್ಕೆ ಡಿಡಬ್ಲ್ಯೂ3 ಒಳ್ಳೆಯ ನಿದರ್ಶನ. ಗಿಡ್ಡ ತಳಿಗಳಲ್ಲಿ ಈ ಜೀನಿನ ಐದನೆಯ ಎಕ್ಸಾನಿನೊಳಗೆ 882 ಬೇಸ್‌ಗಳ ತುಂಡೊಂದು ಎರಡು ಸಲ ಬಂದಿದೆ. ಜೀನ್ ಕೆಟ್ಟಿರುವುದು ಅದರಿಂದ. ಕ್ರೋಮೋಸೋಮುಗಳು ಅಸಮವಾಗಿ ತುಂಡು ಬದಲಾಯಿಸಿಕೊಂಡಾಗ ಹೆಚ್ಚಿನ ನಕಲು ಕಳಚಿಹೋಗಿ ಗಿಡ್ಡ ತಳಿಯ ಹೊಲದಲ್ಲೇ ಉದ್ದನೆಯ ಗಿಡಗಳು ಕಾಣಿಸಿಕೊಳ್ಳುತ್ತವೆ. ಅಂದರೆ ಆಧಾರ ಜೀನೋಮಿನಲ್ಲಿರುವುದು ಕೆಟ್ಟ ರೂಪ. ಆ ನಕಲನ್ನು ಒಳಗೊಂಡ ಮಾದರಿಯನ್ನು ಉದ್ದನೆಯ ತಳಿಯ ಮೇಲೆ ಕೂರಿಸಿದರೆ ಅದು ಪೂರ್ತಿ ಕೂರುವುದಿಲ್ಲ, ಕಡಿಮೆ ಅಂಕ ಬರುತ್ತದೆ. ಬಂದ ಕೂಡಲೇ "ಈ ತಳಿಯಲ್ಲಿ ಜೀನ್ ಮುರಿದಿದೆ" ಎಂದು ಬರೆದರೆ ಸತ್ಯ ತಲೆಕೆಳಗಾಗುತ್ತದೆ. ಆಧಾರವೇ ಆರೋಗ್ಯವಂತ ರೂಪ ಎಂದು ಒಪ್ಪಿಕೊಂಡು ಹೊರಡಬಾರದು.

ನಾಟಿ ತಳಿಯಲ್ಲಿ ಮಾತ್ರ ಇರುವ ಜೀನ್‌ಗಳು ಈ ದಾರಿಯಲ್ಲಿ ಸಿಗುವುದೇ ಇಲ್ಲ. ಅದಕ್ಕೆ ಆರ್‌ಎನ್‌ಎ ಮಾಹಿತಿಯೊಡನೆ ಹೊಸದಾಗಿ ಅನೊಟೇಶನ್ ಮಾಡಬೇಕು. ಜೋಳದ ಜೀನೋಮಿನ ಅರ್ಧಕ್ಕೂ ಹೆಚ್ಚು ಭಾಗ ಪುನರಾವರ್ತನೆಗಳೇ ಆದ್ದರಿಂದ ಮೊದಲು ಅವನ್ನು ಮಾಸ್ಕ್ ಮಾಡಿ (ಮರೆಮಾಡಿ), ಇಲ್ಲದಿದ್ದರೆ ಜಿಗಿಯುವ ಜೀನ್‌ಗಳೆಲ್ಲ ಹೊಸ ಜೀನ್‌ಗಳಾಗಿ ಪಟ್ಟಿ ಸೇರುತ್ತವೆ. ಪೂರ್ಣತೆ ಅಳೆಯಲು, ಇರಲೇಬೇಕಾದ ಜೀನ್‌ಗಳಲ್ಲಿ ಎಷ್ಟು ಸಿಕ್ಕವೆಂದು ಎಣಿಸುವ ಬಸ್ಕೊ ಓಡಿಸಿ. ಎಲ್ಲ ನೆಲಸಸ್ಯಗಳಿಗಾಗಿ ಇರುವ ಗುಂಪಿನಲ್ಲಿ 1,614 ಜೀನ್‌ಗಳಿವೆ, ಹುಲ್ಲಿನ ಕುಲಕ್ಕೆ ಹತ್ತಿರದ ಪೋಏಲೀಸ್ ಗುಂಪಿನಲ್ಲಿ 4,896. ಇವು ಒಡಿಬಿ10 ಆವೃತ್ತಿಯ ಅಂಕಿ. ಜೋಳಕ್ಕೆ ಎರಡನೆಯದೇ ಸರಿ.

ಎಕ್ಸೆಲ್

ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಹೆಸರುಗಳು ದಿನಾಂಕವಾಗುತ್ತವೆ. ಮನುಷ್ಯರ ಸೆಪ್ಟ್2, ಮಾರ್ಚ್1 ಜೀನ್‌ಗಳ ಹೆಸರನ್ನೇ ಈ ಕಾಟಕ್ಕೆ ಬದಲಾಯಿಸಿ ಸೆಪ್ಟಿನ್2, ಮಾರ್ಚ್‌ಎಫ್1 ಮಾಡಬೇಕಾಯಿತು. ನಮ್ಮ ಕೆಲಸದಲ್ಲಿ ಹೆಚ್ಚು ಕಾಡುವುದು ಸೊನ್ನೆಗಳು: ಜಿಒ ಸಂಖ್ಯೆ 0005634ನ್ನು ಮುಂದಿನ ಅಕ್ಷರ ಬೇರ್ಪಡಿಸಿ ಇಟ್ಟರೆ 5634 ಆಗಿ ಉಳಿಯುತ್ತದೆ. ಫೈಲನ್ನು ನೇರ ಡಬಲ್ ಕ್ಲಿಕ್ ಮಾಡದೆ ಇಂಪೋರ್ಟ್ ಮೂಲಕ ತೆರೆದು ಎಲ್ಲ ಕಾಲಮಿಗೂ ಟೆಕ್ಸ್ಟ್ ಎಂದು ಆರಿಸಿ. 2023ರಿಂದ ಎಕ್ಸೆಲ್‌ನಲ್ಲಿ ಈ ತಾನಾಗಿ ಬದಲಿಸುವ ಅಭ್ಯಾಸವನ್ನು ನಿಲ್ಲಿಸುವ ಆಯ್ಕೆ ಬಂದಿದೆ. ಅದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಫೈಲ್ ತಲುಪಿದವರ ಕಂಪ್ಯೂಟರಿನಲ್ಲಲ್ಲ. ಹಂಚುವ ಮೂಲ ಪ್ರತಿ ಯಾವಾಗಲೂ ಟ್ಯಾಬ್ ಪಠ್ಯಫೈಲ್ ಆಗಿರಲಿ.

ಪುರಾವೆ ಇಲ್ಲದ ಅನೊಟೇಶನ್ ಹಂಚಬೇಡಿ

ಜೀನಿನ ಕೆಲಸವನ್ನು ಹೇಳುವ ಪದಗಳಿಗೆ ಜೀನ್ ಆಂಟಾಲಜಿ, ಅಂದರೆ ಜಿಒ, ಬಳಸುತ್ತೇವೆ. ಹಂಚುವ ರೂಪ ಜಿಎಎಫ್ 2.2, ಒಟ್ಟು 17 ಕಾಲಂ. ನಾಲ್ಕನೆಯ ಕಾಲಮಿನಲ್ಲಿ ಜೀನಿಗೂ ಪದಕ್ಕೂ ಇರುವ ಸಂಬಂಧ, ಐದರಲ್ಲಿ ಜಿಒ ಸಂಖ್ಯೆ, ಆರರಲ್ಲಿ ಪ್ರಬಂಧದ ಗುರುತು, ಏಳರಲ್ಲಿ ಪುರಾವೆಯ ಸಂಕೇತ, ಎಂಟರಲ್ಲಿ ಯಾವುದರ ಆಧಾರದಿಂದ ಎಂಬ ಐಡಿ, ಹದಿಮೂರರಲ್ಲಿ ಜಾತಿಯ ಸಂಖ್ಯೆ, ಹದಿನಾಲ್ಕರಲ್ಲಿ ದಿನಾಂಕ. ಜೋಳದ ಜಾತಿಸಂಖ್ಯೆ 4558, ದಾಳಿಂಬೆಯದು 22663. 2.1ರಿಂದ 2.2ಕ್ಕೆ ಬಂದಾಗ ನಾಲ್ಕನೆಯ ಕಾಲಂ ಕಡ್ಡಾಯವಾಯಿತು. ಹಳೆಯ ಸ್ಕ್ರಿಪ್ಟ್ ಅದನ್ನು ಖಾಲಿ ಬಿಡುತ್ತದೆ, ಫೈಲ್ ತಿರಸ್ಕೃತವಾಗುತ್ತದೆ.

ಪುರಾವೆಯ ಸಂಕೇತ ಹಾಕುವಾಗ ಕೈ ಬಿಗಿ ಇರಲಿ. ಐಡಿಎ ಎಂದರೆ ನೇರ ಪ್ರಯೋಗ. ಐಎಂಪಿ ಎಂದರೆ ಜೀನ್ ಕೆಟ್ಟ ಗಿಡದ ಲಕ್ಷಣದಿಂದ ತಿಳಿದದ್ದು. ಐಎಸ್‌ಒ ಎಂದರೆ ಬೇರೆ ಜಾತಿಯ ಜೋಡಿ ಜೀನಿನಿಂದ ಊಹಿಸಿದ್ದು. ಐಇಎ ಎಂದರೆ ಕಂಪ್ಯೂಟರ್ ಹೇಳಿದ್ದು, ಮನುಷ್ಯರು ನೋಡಿಲ್ಲ. ಡಿಡಬ್ಲ್ಯೂ3 ಬಗ್ಗೆ 2003ರಲ್ಲಿ ಪ್ರಕಟವಾದ ಮುಖ್ಯ ಪ್ರಬಂಧ ಆಕ್ಸಿನ್ ಎಂಬ ಬೆಳವಣಿಗೆ ಹಾರ್ಮೋನಿನ ಸಾಗಣೆಗೆ ಅಡ್ಡಿಯಾಗುವುದನ್ನು ಮೆಕ್ಕೆಜೋಳದ ಬಿಆರ್2 ಗಿಡಗಳಲ್ಲಿ ತೋರಿಸಿತು, ಜೋಳದ ಡಿಡಬ್ಲ್ಯೂ3 ಅದರ ಜೋಡಿ ಎಂದು ಗುರುತಿಸಿತು. ಆದ್ದರಿಂದ ಆ ಪ್ರಬಂಧದ ಆಧಾರದಲ್ಲಿ ಜೋಳದ ಜೀನಿಗೆ "ಆಕ್ಸಿನ್ ಧ್ರುವೀಯ ಸಾಗಣೆ", ಜಿಒ:0009926, ಹಾಕುವಾಗ ಐಎಸ್‌ಒ ಬರೆದು ಎಂಟನೆಯ ಕಾಲಮಿನಲ್ಲಿ ಬಿಆರ್2ರ ಐಡಿ ಕೊಡಬೇಕು. ಜೋಳದ ಹೆಸರಿನ ಪಕ್ಕ ಐಎಂಪಿ ಹಾಕಿದರೆ ಮಾಡದ ಪ್ರಯೋಗವನ್ನು ಮಾಡಿದಂತೆ ಹೇಳಿದಂತಾಗುತ್ತದೆ. ಗಿಡದ ಎತ್ತರ ಕಡಿಮೆಯಾದದ್ದು ಮಾತ್ರ ಜೋಳದ್ದೇ ಪುರಾವೆ. ಆದರೆ ಎತ್ತರ ಎಂಬ ಲಕ್ಷಣಕ್ಕೆ ಜಿಒದಲ್ಲಿ ಜಾಗವಿಲ್ಲ, ಅದು ಸಸ್ಯಲಕ್ಷಣಗಳ ಆಂಟಾಲಜಿಗೆ ಸೇರಿದ್ದು, ಸಂಖ್ಯೆ ಟಿಒ:0000207. ಹಾಗೆಯೇ ಹಿಂಗಾರಿ ಜೋಳದವರಿಗೆ ಬೇಕಾದ ಸ್ಟೇ-ಗ್ರೀನ್ (ಬರದಲ್ಲೂ ಎಲೆ ಹಸಿರಾಗಿ ಉಳಿಯುವ) ಗುಣದ ಎಸ್‌ಟಿಜಿ1ರಿಂದ ಎಸ್‌ಟಿಜಿ4 ಎಂಬವು ಕ್ರೋಮೋಸೋಮಿನ ವಲಯಗಳು, ಒಂದೊಂದರಲ್ಲೂ ಹಲವು ಜೀನ್‌ಗಳಿವೆ. ವಲಯದ ಹೆಸರನ್ನು ಒಳಗಿನ ಪ್ರತಿ ಜೀನಿಗೂ ಅಂಟಿಸಬೇಡಿ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ತಪ್ಪು ಒಂದೇ ಕಡೆ ನಿಲ್ಲುವುದಿಲ್ಲ. ಜೆನ್‌ಬ್ಯಾಂಕಿಗೆ ಕೊಟ್ಟ ಸಿಡಿಎಸ್‌ನ ಪ್ರೋಟೀನ್ ಯೂನಿಪ್ರಾಟ್‌ನಲ್ಲಿ ಮನುಷ್ಯರು ಪರಿಶೀಲಿಸದ ಟ್ರೆಂಬಲ್ ಭಾಗಕ್ಕೆ ಹೋಗಬಹುದು. ಅಲ್ಲಿಂದ ಇನ್ನೊಬ್ಬರು ಬ್ಲಾಸ್ಟ್ ಮಾಡಿ, ಅಂದರೆ ಹೋಲುವ ಸೀಕ್ವೆನ್ಸ್ ಹುಡುಕಿ, ಮೊದಲ ಸಾಲಿನ ಹೆಸರನ್ನು ತಮ್ಮ ಜೀನಿಗೆ ಇಡುತ್ತಾರೆ, ಅವರದನ್ನು ನೋಡಿ ಮತ್ತೊಬ್ಬರು. ಕೊನೆಗೆ ಹತ್ತು ದಾಖಲೆಗಳು ಒಂದೇ ಮಾತು ಹೇಳುತ್ತವೆ, ಹತ್ತಕ್ಕೂ ಮೂಲ ಒಂದೇ ಊಹೆ. ಕಿಣ್ವಗಳ 37 ಕುಟುಂಬಗಳನ್ನು ತೆಗೆದುಕೊಂಡು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನುಷ್ಯರೇ ಓದಿ ತಿದ್ದುವ ಸ್ವಿಸ್‌ಪ್ರಾಟ್‌ನಲ್ಲಿ ತಪ್ಪು ಹೆಚ್ಚುಕಡಿಮೆ ಇಲ್ಲವೆನ್ನುವಷ್ಟಿತ್ತು. ಉಳಿದ ಮೂರು ಡೇಟಾಬೇಸುಗಳಲ್ಲಿ ಅದು ಗಣನೀಯವಾಗಿತ್ತು. ಹೆಸರು ಎರವಲು ತರುವುದಾದರೆ ಸ್ವಿಸ್‌ಪ್ರಾಟ್‌ನಿಂದ ತನ್ನಿ. ಅಲ್ಲಿ ಸಿಗದಿದ್ದರೆ "ಹೈಪೋಥೆಟಿಕಲ್ ಪ್ರೋಟೀನ್" ಎಂದು ಬಿಡುವುದರಲ್ಲಿ ಅವಮಾನವೇನಿಲ್ಲ.

ಸಲ್ಲಿಸುವ ದಾರಿ

ಹೊಸ ಅಸೆಂಬ್ಲಿಯನ್ನು ಅನೊಟೇಶನ್ ಸಹಿತ ಜೆನ್‌ಬ್ಯಾಂಕಿಗೆ ಕೊಡುವುದಾದರೆ ಮೊದಲು ಬಯೋಪ್ರಾಜೆಕ್ಟ್ (ಯೋಜನೆಯ ವಿವರ), ಆಮೇಲೆ ಬಯೋಸ್ಯಾಂಪಲ್ (ಮಾದರಿಯ ವಿವರ) ನೋಂದಣಿ. ಅದರ ಜತೆಗೆ ಲೋಕಸ್ ಟ್ಯಾಗ್‌ನ (ಪ್ರತಿ ಜೀನಿನ ಐಡಿಯ) ಪೂರ್ವಪದ ಸಿಗುತ್ತದೆ: 3ರಿಂದ 12 ಅಕ್ಷರ-ಅಂಕಿ, ಮೊದಲನೆಯದು ಅಕ್ಷರವೇ ಆಗಿರಬೇಕು. ಇದು ಬರುವ ಮೊದಲೇ ಐಡಿ ಹಂಚಿಬಿಟ್ಟರೆ ಎಲ್ಲವನ್ನೂ ಮತ್ತೆ ಬದಲಿಸಬೇಕಾಗುತ್ತದೆ.

ಬಯೋಸ್ಯಾಂಪಲ್ ತುಂಬುವಾಗ ಊರಿನ ಹೆಸರಿನ ಕಡೆ ಗಮನವಿರಲಿ. 2014ರ ನವೆಂಬರ್‌ನಿಂದ ಬಿಜಾಪುರ ವಿಜಯಪುರವಾಗಿದೆ, ಬೆಳಗಾಂ ಬೆಳಗಾವಿಯಾಗಿದೆ. ಹೊಸ ದಾಖಲೆಗೆ ಹೊಸ ಹೆಸರು ಹಾಕಿ. ಹಳೆಯ ಮಾದರಿಗಳನ್ನು ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ. ಬಿಜಾಪುರ ಎಂದಷ್ಟೇ ಇದ್ದರೆ ಅದು ಛತ್ತೀಸಗಡದ ಜಿಲ್ಲೆಯೂ ಇರಬಹುದು, ರಾಜ್ಯ ನೋಡದೆ ಸೇರಿಸಿಕೊಳ್ಳಬೇಡಿ. ಅಕ್ಷಾಂಶ-ರೇಖಾಂಶ ಎರಡು ದಶಮಾಂಶಕ್ಕೆ ಸಾಕು, ವಿಜಯಪುರ ನಗರಕ್ಕೆ 16.83 ಉತ್ತರ, 75.71 ಪೂರ್ವ. ಸುಮಾರು ಒಂದು ಕಿಲೋಮೀಟರ್ ನಿಖರತೆ ಸಿಗುತ್ತದೆ, ಯಾವ ರೈತರ ಹೊಲವೆಂದು ಜಗತ್ತಿಗೆ ತೋರಿಸಿದಂತೆ ಆಗುವುದಿಲ್ಲ. ದಿನಾಂಕ 2024-01-05 ರೂಪದಲ್ಲೇ ಇರಲಿ. 05/01/2024 ಎಂದರೆ ಅಮೆರಿಕದವರಿಗೆ ಮೇ ಒಂದು. ತಳಿಯ ಹೆಸರು ಎಂ 35-1 ಎಂದೂ ಮಾಲ್ದಂಡಿ ಎಂದೂ ಬರುವುದರಿಂದ ಒಂದನ್ನು ತಳಿಯ ಜಾಗದಲ್ಲಿ, ಇನ್ನೊಂದನ್ನು ಟಿಪ್ಪಣಿಯಲ್ಲಿ ಕೊಡಿ. ಹೊಲದ ವಹಿಯಲ್ಲಿ ಕನ್ನಡದ ಹೆಸರುಗಳನ್ನು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡಿಗೆ ತನ್ನಿ. ನೇರ ನಕಲು ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ದಾಖಲೆಗೆ ಸೇರುತ್ತವೆ.

ಫಾಸ್ಟಾ, ಜಿಎಫ್‌ಎಫ್3, ಟೆಂಪ್ಲೇಟ್ ಮೂರನ್ನೂ ಟೇಬಲ್2ಎಎಸ್‌ಎನ್ ಎಂಬ ಸಾಧನಕ್ಕೆ ಕೊಟ್ಟರೆ ಸಲ್ಲಿಸುವ ಫೈಲ್ ಮತ್ತು ದೋಷಗಳ ವರದಿ ಬರುತ್ತದೆ. ವರದಿಯಲ್ಲಿ ಮತ್ತೆಮತ್ತೆ ಕಾಣುವುದು ಎರಡು. ಮೊದಲನೆಯದು ಒಳಗಿನ ಸ್ಟಾಪ್ ಕೋಡಾನ್: ಫೇಸ್ ತಪ್ಪಿರಬೇಕು ಅಥವಾ ಜೀನ್ ನಿಜವಾಗಿಯೂ ಕೆಟ್ಟಿರಬೇಕು. ಕೆಟ್ಟಿದ್ದರೆ ಸೂಡೊಜೀನ್ ಎಂದು ಗುರುತಿಸಿ, ಪ್ರೋಟೀನ್ ಕೊಡಬೇಡಿ. ಎರಡನೆಯದು 10 ಬೇಸ್‌ಗಿಂತ ಚಿಕ್ಕ ಇಂಟ್ರಾನ್ (ಎಕ್ಸಾನ್‌ಗಳ ನಡುವಿನ, ಕತ್ತರಿಸಿಹೋಗುವ ತುಂಡು). ಓದುವ ಚೌಕಟ್ಟು ಸರಿಹೊಂದಲೆಂದು ಪ್ರೋಗ್ರಾಂ ಒಂದೆರಡು ಬೇಸ್ ಹಾರಿಸಿ ಅದನ್ನು ಇಂಟ್ರಾನ್ ಎಂದು ತೋರಿಸಿರುತ್ತದೆ. ಅಂಥ ಇಂಟ್ರಾನ್ ಪ್ರಕೃತಿಯಲ್ಲಿಲ್ಲ. ಪ್ರೋಟೀನಿನ ಹೆಸರಿನಲ್ಲಿ "ಸಿಮಿಲರ್ ಟು" ಎಂಬ ಮಾತು, ಬೇರೆ ಜಾತಿಯ ಹೆಸರು ಇರಬಾರದು. 200 ಬೇಸ್‌ಗಿಂತ ಚಿಕ್ಕ ಕಾಂಟಿಗ್‌ಗಳನ್ನು (ಅಸೆಂಬ್ಲಿಯ ಬಿಡಿ ತುಂಡುಗಳನ್ನು) ಮೊದಲೇ ತೆಗೆಯಿರಿ.

ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ತರುವಂಥ ಬ್ಯಾಕ್ಟೀರಿಯಾಗಳ ಜೀನೋಮ್ ಮಾಡುವವರಿಗೆ ಕೆಲಸ ಹಗುರ. ಬಾಗಲಕೋಟೆ, ವಿಜಯಪುರದ ದಾಳಿಂಬೆ ತೋಟಗಳಿಂದ ತೆಗೆದ ಜಾಂತೊಮೊನಾಸ್‌ನ ಜೀನೋಮ್ ಸುಮಾರು 50 ಲಕ್ಷ ಬೇಸ್ ಅಷ್ಟೇ. ಸಲ್ಲಿಸುವಾಗಲೇ ಪಿಜಿಎಪಿ ಅನೊಟೇಶನ್ ಬೇಕೆಂದು ಆರಿಸಿದರೆ ಎನ್‌ಸಿಬಿಐ ಅದನ್ನು ಉಚಿತವಾಗಿ ಮಾಡಿಕೊಡುತ್ತದೆ. ಬೇರೆ ತೋಟಗಳ ಮಾದರಿಗಳೊಡನೆ ಹೋಲಿಸಲೂ ಅದೇ ಒಳ್ಳೆಯದು, ಎಲ್ಲಕ್ಕೂ ಒಂದೇ ವಿಧಾನ ಬಳಸಿದಂತಾಗುತ್ತದೆ.

ನಮ್ಮ ದೇಶದೊಳಗೆ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರ 2022ರಿಂದ ಕೆಲಸ ಮಾಡುತ್ತಿದೆ. ಸೀಕ್ವೆನ್ಸ್ ಮಾಹಿತಿಗೆ ಅಲ್ಲಿ ಮುಕ್ತ ಮತ್ತು ನಿಯಂತ್ರಿತ ಎರಡೂ ಬಗೆಯ ಸಂಗ್ರಹವಿದೆ. ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಹಣದಿಂದ ನಡೆದ ಕೆಲಸವಾದರೆ ಅನುದಾನ ಪತ್ರದಲ್ಲಿನ ದತ್ತಾಂಶ ಷರತ್ತನ್ನು ಮೊದಲು ಓದಿ. ವಿದೇಶಿ ಸಹಯೋಗ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಎಂಬುದನ್ನು ಬೀಜ ಅಥವಾ ಡಿಎನ್‌ಎ ಕೊಡುವ ಮೊದಲೇ ಸಂಸ್ಥೆಯ ಮೂಲಕ ಖಚಿತಪಡಿಸಿಕೊಳ್ಳಿ.

ಬೇರೆಯವರ ದಾಖಲೆಯಲ್ಲಿ ತಪ್ಪು ಕಂಡರೆ

ಜೆನ್‌ಬ್ಯಾಂಕಿನ ದಾಖಲೆಯನ್ನು ಬದಲಿಸುವ ಹಕ್ಕು ಸಲ್ಲಿಸಿದವರಿಗೆ ಮಾತ್ರ. ಬಿಟಿಎಕ್ಸ್623ರ ಜೀನ್ ಮಾದರಿಯನ್ನು ನೀವು ಪ್ರಯೋಗದಿಂದ ತಿದ್ದಿದ್ದರೆ, ಮೂರನೆಯವರ ಅನೊಟೇಶನ್ ಎಂಬ ವಿಭಾಗದಲ್ಲಿ ಪ್ರಬಂಧದ ಆಧಾರದೊಡನೆ ಕೊಡಲು ಈಗಲೂ ಅವಕಾಶವಿದೆಯೇ ಎಂದು ವಿಚಾರಿಸಿ. ರೆಫ್‌ಸೀಕ್ ಮಾದರಿ ತಪ್ಪಿದ್ದರೆ ಎನ್‌ಸಿಬಿಐ ಸಹಾಯ ವಿಭಾಗಕ್ಕೆ ಬರೆಯಬೇಕು, ಯೂನಿಪ್ರಾಟ್‌ನಲ್ಲಿ ತಪ್ಪಿದ್ದರೆ ಅಲ್ಲಿಗೆ. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ತಾನಾಗಿ ಸರಿಯಾಗುತ್ತದೆ ಎಂದು ನಂಬಬೇಡಿ. ಆರ್ಕಿಡ್ ಐಡಿ (ಸಂಶೋಧಕರ ಗುರುತುಸಂಖ್ಯೆ) ಇದ್ದರೆ ಯೂನಿಪ್ರಾಟ್‌ನ ದಾಖಲೆಗೆ ಪ್ರಬಂಧವನ್ನು ನೀವೇ ಜೋಡಿಸಬಹುದು. ಗೋಟ್ ಎಂಬ ಜಾಲ ಸಾಧನದಲ್ಲಿ ಜಿಒ ಅನೊಟೇಶನ್ ಅನ್ನೂ ಸಲ್ಲಿಸಬಹುದು. ಜೋಳದ ಮಟ್ಟಿಗೆ ಸೋರ್ಗಮ್‌ಬೇಸ್ ಎಂಬ ಡೇಟಾಬೇಸಿನ ತಂಡಕ್ಕೂ ತಿಳಿಸಿ, ತಳಿ ಅಭಿವೃದ್ಧಿ ಮಾಡುವವರು ನೋಡುವುದು ಅದನ್ನೇ.

ಪರವಾನಗಿ ಮತ್ತು ಬಿಡುಗಡೆ

ಯೂನಿಪ್ರಾಟ್ ಮತ್ತು ಜಿಒ ಮಾಹಿತಿ ಸಿಸಿ ಬೈ 4.0 ಪರವಾನಗಿಯಲ್ಲಿವೆ, ಮೂಲ ಹೇಳಿ ಮರುಹಂಚಬಹುದು. ಜೀವರಾಸಾಯನಿಕ ಮಾರ್ಗಗಳ ಡೇಟಾಬೇಸ್ ಕೆಗ್‌ನ ದತ್ತಾಂಶವನ್ನು ಒಟ್ಟಾಗಿ ಇಳಿಸಿ ಹಂಚಲು ಬೇರೆ ಪರವಾನಗಿ ಬೇಕು, ಆದ್ದರಿಂದ ನಿಮ್ಮ ಬಿಡುಗಡೆಯಲ್ಲಿ ಅದರ ಐಡಿ ಮಾತ್ರ ಕೊಡಿ. ಫೈಟೊಝೋಮ್‌ನಲ್ಲಿ ಇನ್ನೂ ಪ್ರಬಂಧವಾಗದ ಜೀನೋಮ್‌ಗಳಿಗೆ ಬಳಕೆಯ ಮಿತಿ ಇರುತ್ತದೆ, ಪುಟದಲ್ಲಿ ಬರೆದಿರುತ್ತಾರೆ.

ಜೆನ್‌ಬ್ಯಾಂಕಿಗೆ ಒಗ್ಗದ ಜಿಎಎಫ್, ಹೊಂದಾಣಿಕೆ ಪಟ್ಟಿ, ಸ್ಕ್ರಿಪ್ಟುಗಳನ್ನು ಝೆನೋಡೋ ಎಂಬ ಮುಕ್ತ ಸಂಗ್ರಹದಲ್ಲಿಟ್ಟರೆ ಡಿಒಐ (ಬದಲಾಗದ ಜಾಲಗುರುತು) ಸಿಗುತ್ತದೆ. ಒಂದು ದಾಖಲೆಗೆ 50 ಜಿಬಿ ತನಕ ಜಾಗ. ಜಿಎಫ್‌ಎಫ್3 ಫೈಲನ್ನು ಸೀಕ್ವೆನ್ಸ್ ಮತ್ತು ಶುರುವಿನ ಸ್ಥಾನದ ಪ್ರಕಾರ ಜೋಡಿಸಿ, ಸಾಮಾನ್ಯ ಜಿಜಿಪ್ ಬದಲು ಬಿಜಿಜಿಪ್‌ನಿಂದ ಕುಗ್ಗಿಸಿ ಟ್ಯಾಬಿಕ್ಸ್ ಸೂಚಿ ಮಾಡಿ. ಆಗ ಜೀನೋಮ್ ಬ್ರೌಸರುಗಳು ಪೂರ್ತಿ ಫೈಲ್ ಇಳಿಸದೆ ಬೇಕಾದ ಭಾಗ ಮಾತ್ರ ಓದುತ್ತವೆ. ಎನ್‌ಸಿಬಿಐಗೆ ದೊಡ್ಡ ಫೈಲ್ ಏರಿಸುವಾಗ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುವ ಎಲ್‌ಎಫ್‌ಟಿಪಿ ಅಥವಾ ಆಸ್ಪೆರಾ ಬಳಸಿ, ಬ್ರೌಸರ್ ಮೂಲಕ ಬೇಡ. ಏರಿಸಿದ ಮೇಲೆ ಇನ್ನೊಂದು ಕಂಪ್ಯೂಟರಿಗೆ ಇಳಿಸಿ ಚೆಕ್‌ಸಮ್ ಹೋಲಿಸಿ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ.

ಪ್ರಬಂಧ ಬರುವ ತನಕ ಜೆನ್‌ಬ್ಯಾಂಕಿನ ದಾಖಲೆಯನ್ನು ತಡೆಹಿಡಿಯಬಹುದು, ಬಿಡುಗಡೆಯ ದಿನಾಂಕವನ್ನು ಸಲ್ಲಿಸುವಾಗಲೇ ಕೊಡಬೇಕು. ಆದರೆ ಅಕ್ಸೆಶನ್ ಸಂಖ್ಯೆ (ದಾಖಲೆಯ ಗುರುತು) ಎಲ್ಲೇ ಅಚ್ಚಾದರೂ, ಆನ್‌ಲೈನ್ ಪ್ರೀಪ್ರಿಂಟ್‌ನಲ್ಲಿ ಬಂದರೂ, ದಾಖಲೆಯನ್ನು ಆ ದಿನಾಂಕದವರೆಗೆ ಕಾಯದೆ ಮುಕ್ತಗೊಳಿಸುತ್ತಾರೆ. ಸಂಖ್ಯೆ ಕೈಗೆ ಬಂದ ದಿನವೇ ಅದನ್ನು ಹೊಂದಾಣಿಕೆ ಪಟ್ಟಿಯ ಹೊಸ ಕಾಲಮಿನಲ್ಲಿ ತುಂಬಿ, ಪಟ್ಟಿಯ ಆವೃತ್ತಿ ಏರಿಸಿ, ಝೆನೋಡೋದಲ್ಲಿ ಹೊಸ ಆವೃತ್ತಿಯಾಗಿ ಸೇರಿಸಿ. ಹಳೆಯ ಆವೃತ್ತಿ ತನ್ನ ಡಿಒಐ ಸಮೇತ ಅಲ್ಲೇ ಉಳಿಯುತ್ತದೆ.